ಮೂರು ಥರದ ಆಲೂಗಡ್ಡೆ, ಮೂರು ದಿನಾಂಕ: ಲೆಸ್ಟರ್‌ನ ನನ್ನ ಅಲಾಟ್‌ಮೆಂಟ್ ಅನುಭವ

ನಮ್ಮದು ಹಾಸನ ಜಿಲ್ಲೆ, ಅರಕಲಗೂಡು ಕಡೆ. ಆಲೂಗಡ್ಡೆ ನೋಡಿಕೊಂಡೇ ಬೆಳೆದವನು ನಾನು. ಮೇ ಹತ್ತಿರ ಬಂತೆಂದರೆ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತಿತ್ತು, ಅಪ್ಪ ಹೋಗಿ ಮೂಟೆ ಹಾಕಿಸಿಕೊಂಡು ಬರುತ್ತಿದ್ದರು, ಜಗುಲಿ ಮೇಲೆ ಹರಡಿ ಮಳೆಗೆ ಕಾಯುತ್ತಿದ್ದೆವು. ಬಿತ್ತುವುದು ಒಂದೇ ಜಾತಿ, ಕುಫ್ರಿ ಜ್ಯೋತಿ. ಮಳೆ ಬಿದ್ದು ಹದ ಆದ ಮೇಲೆ ಇಡೀ ಹೊಲ ಒಂದೆರಡು ದಿನದಲ್ಲಿ ಬಿತ್ತಿ ಮುಗಿಸುವುದು. ಹಾಗಾಗಿ 2020ರ ಅಕ್ಟೋಬರ್‌ನಲ್ಲಿ ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನನಗೊಂದು ಅಲಾಟ್‌ಮೆಂಟ್ ಸಿಕ್ಕಾಗ, ಬೇರೆ ಯಾವ ತರಕಾರಿಗೆ ಕಷ್ಟಪಟ್ಟರೂ ಆಲೂಗಡ್ಡೆಗೆ ಕಷ್ಟ ಆಗಲ್ಲ ಅಂದುಕೊಂಡಿದ್ದೆ. ಮೊದಲ ವರ್ಷ ಅತಿ ಹೆಚ್ಚು ಹಾಳಾಗಿದ್ದು ಅದೇ.

ಅಲಾಟ್‌ಮೆಂಟ್ ಅಂದರೆ ಊರಿನ ಕೌನ್ಸಿಲ್‌ನವರು ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ತುಂಡು ನೆಲ. ಅಳತೆ ಈಗಲೂ ಹಳೇ ಕಾಲದ ರಾಡ್ ಲೆಕ್ಕದಲ್ಲೇ. ಪೂರ್ತಿ ತುಂಡು 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನನ್ನದು ಅದರಲ್ಲಿ ಅರ್ಧ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಗುಂಟೆ ಅನ್ನಿ. ಜೇಡಿಮಣ್ಣು, ಚಳಿಗಾಲದಲ್ಲಿ ಬೂಟು ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಇಟ್ಟಿಗೆ ಥರ ಬಿರಿಯುತ್ತದೆ.

ಇಲ್ಲಿ ಬಿತ್ತನೆ ಗಡ್ಡೆ ಕೊಳ್ಳಲು ಹೋದರೆ ಚೀಲದ ಮೇಲೆ ಮೂರರಲ್ಲಿ ಒಂದು ಹೆಸರು ಬರೆದಿರುತ್ತದೆ. ಫಸ್ಟ್ ಅರ್ಲಿ, ಸೆಕೆಂಡ್ ಅರ್ಲಿ, ಮೇನ್‌ಕ್ರಾಪ್. ಫಸ್ಟ್ ಅರ್ಲಿ 10ರಿಂದ 12 ವಾರಕ್ಕೆ ಕೀಳಲು ಬರುತ್ತದೆ, ಸೆಕೆಂಡ್ ಅರ್ಲಿ 13ರಿಂದ 15 ವಾರ, ಮೇನ್‌ಕ್ರಾಪ್ 16ರಿಂದ 20 ವಾರ, ಕೆಲವು ಅದಕ್ಕೂ ಜಾಸ್ತಿ. ನೆಡುವ ಕಾಲ ಸಾಮಾನ್ಯವಾಗಿ ಹೇಳುವುದು ಹೀಗೆ: ಫಸ್ಟ್ ಅರ್ಲಿ ಮಾರ್ಚ್ ಕೊನೆಗೆ, ಸೆಕೆಂಡ್ ಅರ್ಲಿ ಏಪ್ರಿಲ್ ಮೊದಲರ್ಧದಲ್ಲಿ, ಮೇನ್‌ಕ್ರಾಪ್ ಏಪ್ರಿಲ್ ಮಧ್ಯದಿಂದ ಕೊನೆಯವರೆಗೆ. ನೋಡಲು ಸುಲಭ. ಆದರೆ ಈ ವ್ಯತ್ಯಾಸ ಯಾಕೆ ಅಂತ ಗೊತ್ತಿಲ್ಲದೆ ದಿನಾಂಕ ಮಾತ್ರ ಇಟ್ಟುಕೊಂಡರೆ ಏನೂ ಪ್ರಯೋಜನ ಇಲ್ಲ. ಇದು ನನಗೆ ಅರ್ಥ ಆಗಲು ಮೂರು ವರ್ಷ ಬೇಕಾಯಿತು.

ಮೊದಲ ವರ್ಷ, 2021. ಪಕ್ಕದ ತುಂಡಿನಲ್ಲಿ ಒಬ್ಬ ಹಿರಿಯರಿದ್ದಾರೆ, ನಲವತ್ತು ವರ್ಷದಿಂದ ಅಲ್ಲೇ ಬೆಳೆಯುತ್ತಿದ್ದಾರೆ. ಗುಡ್ ಫ್ರೈಡೇ ದಿನ ಆಲೂಗಡ್ಡೆ ನೆಡುವುದು ಇಲ್ಲಿನ ಹಳೇ ರೂಢಿ ಅಂತ ಅವರಿಂದ ಕೇಳಿದ್ದೆ. ಆ ವರ್ಷ ಗುಡ್ ಫ್ರೈಡೇ ಏಪ್ರಿಲ್ 2. ರಜೆಯೂ ಇತ್ತು. ರಾಕೆಟ್ ಅನ್ನುವ ಫಸ್ಟ್ ಅರ್ಲಿ 20 ಗಡ್ಡೆ, ಷಾರ್ಲೆಟ್ ಅನ್ನುವ ಸೆಕೆಂಡ್ ಅರ್ಲಿ 20, ಕಿಂಗ್ ಎಡ್ವರ್ಡ್ ಅನ್ನುವ ಮೇನ್‌ಕ್ರಾಪ್ 20. ಎಲ್ಲವನ್ನೂ ಅದೇ ದಿನ ನೆಟ್ಟು ಬಿಟ್ಟೆ, ಊರಿನಲ್ಲಿ ಮಾಡುತ್ತಿದ್ದ ಹಾಗೆ. ಸಂಜೆ ಮನೆಗೆ ಬಂದಾಗ ತುಂಬ ಖುಷಿಯಾಗಿತ್ತು.

ಆ ಏಪ್ರಿಲ್ ಹೇಗಿತ್ತು ಅಂದರೆ, ಬ್ರಿಟನ್ನಿನಲ್ಲಿ 60 ವರ್ಷದಲ್ಲೇ ಅತಿ ಹೆಚ್ಚು ಫ್ರಾಸ್ಟ್ ಬಿದ್ದ ಏಪ್ರಿಲ್ ಅದು. ಫ್ರಾಸ್ಟ್ ಅಂದರೆ ನಮ್ಮ ಇಬ್ಬನಿ ಅಲ್ಲ, ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿದು ಎಲೆ ಒಳಗಿನ ನೀರೇ ಗಟ್ಟಿಯಾಗುವುದು. ಬೆಳಿಗ್ಗೆ ಬಿಸಿಲು ಬಿದ್ದಾಗ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತು ಬೀಳುತ್ತದೆ. ನಾಲ್ಕು ವಾರ ಕಳೆದರೂ ನನ್ನ ಸಾಲಿನಲ್ಲಿ ಏನೂ ಕಾಣಲಿಲ್ಲ. ಕೊನೆಗೆ ರಾಕೆಟ್ ಮೇಲೆ ಬಂತು, ಮೇ ಮೊದಲ ವಾರದಲ್ಲಿ ಒಂದೇ ರಾತ್ರಿಗೆ ಸುಟ್ಟುಹೋಯಿತು. ಆಮೇಲೆ ಮೇ ಪೂರ್ತಿ ಮಳೆ. ಕಿಂಗ್ ಎಡ್ವರ್ಡ್ 20ರಲ್ಲಿ 7 ಗಡ್ಡೆ ಮೇಲೇಳಲೇ ಇಲ್ಲ. ಅಗೆದು ನೋಡಿದರೆ ಕೊಳೆತು ಲೋಳೆಯಾಗಿದ್ದವು. ಪಕ್ಕದ ಹಿರಿಯರು ತಮ್ಮ ಮೇನ್‌ಕ್ರಾಪ್ ಅನ್ನು ಏಪ್ರಿಲ್ 25ಕ್ಕೆ ನೆಟ್ಟಿದ್ದರು. ನನ್ನ 13 ಗಿಡ, ಅವರ ಗಿಡ ಒಂದೇ ವಾರದಲ್ಲಿ ಮೇಲೆ ಬಂದವು, ಅವರದ್ದೇ ದಪ್ಪಗೆ, ಹಸಿರಾಗಿ. ಮೂರು ವಾರ ಮೊದಲು ನೆಟ್ಟು ನನಗೆ ಒಂದು ದಿನವೂ ಉಳಿದಿರಲಿಲ್ಲ.

ಗುಡ್ ಫ್ರೈಡೇ ಬಗ್ಗೆ ಒಂದು ಮಾತು. ಅದು ಚಂದ್ರನ ಲೆಕ್ಕದ ಹಬ್ಬ, ನಮ್ಮ ಯುಗಾದಿ ಥರ ವರ್ಷ ವರ್ಷ ಹಿಂದೆ ಮುಂದೆ ಹೋಗುತ್ತದೆ. 2024ರಲ್ಲಿ ಮಾರ್ಚ್ 29ಕ್ಕೆ ಬಂತು, 2025ರಲ್ಲಿ ಏಪ್ರಿಲ್ 18ಕ್ಕೆ. ಮೂರು ವಾರದ ಅಂತರ. ಮಣ್ಣಿಗೆ ಅದು ಗೊತ್ತಿರುವುದಿಲ್ಲ, ಅಲ್ವಾ?

2022ರಲ್ಲಿ ಕ್ಯಾಲೆಂಡರ್ ನೋಡಿ ಮೂರು ಬೇರೆ ದಿನ ನೆಟ್ಟೆ. ಸುಧಾರಿಸಿತು, ಆದರೂ ಗಟ್ಟಿ ಹಿಡಿತ ಸಿಕ್ಕಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿನಿಂದ ಬಂದಿದ್ದರು. ಅಪ್ಪನನ್ನು ಮೂರನೇ ದಿನವೇ ಅಲಾಟ್‌ಮೆಂಟ್‌ಗೆ ಕರೆದುಕೊಂಡು ಹೋದೆ. ಸ್ವೆಟರ್ ಮೇಲೆ ನನ್ನ ಜಾಕೆಟ್, ತಲೆಗೆ ಮಫ್ಲರ್. ಬಂದವರೇ ಕುಕ್ಕರಗಾಲಲ್ಲಿ ಕೂತು, ಬೋದಿನ ಮಣ್ಣು ಬಗೆದು ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇದ್ದರು.

"ಇದೇನೋ, ಫ್ರಿಜ್‌ನಲ್ಲಿ ಇಟ್ಟಂಗಿದೆ ಮಣ್ಣು. ಇದ್ರಲ್ಲಿ ಗಡ್ಡೆ ಹೆಂಗೋ ಏಳ್ತದೆ?"

"ನಾಳೆ ಷಾರ್ಲೆಟ್ ನೆಡೋಣ ಅಂತಿದ್ದೆ ಅಪ್ಪ. ಏಪ್ರಿಲ್ ಎರಡನೇ ವಾರ ನೆಡಬೇಕಂತೆ."

"ಎರಡನೇ ವಾರ ಅಂತ ಮಣ್ಣಿಗೆ ಹೇಳಿದೀಯಾ? ನಮ್ಮಲ್ಲಿ ಮಣ್ಣು ತಣ್ಣಗಾಗ್ಲಿ ಅಂತ ಕಾಯ್ತೀವಿ. ನೀನು ಬೆಚ್ಚಗಾಗ್ಲಿ ಅಂತ ಕಾಯ್ಬೇಕು ಕಣೋ."

ಇಷ್ಟು ವರ್ಷ ಅಪ್ಪ ಮಳೆಗೆ ಕಾಯುವುದನ್ನು ನೋಡಿದ್ದೆ, ನೀರಿಗಾಗಿ ಕಾಯುತ್ತಾರೆ ಅಂತಲೇ ತಿಳಿದಿದ್ದೆ. ನೀರು ಅರ್ಧ ಕಾರಣ ಅಷ್ಟೆ. ಬೇಸಿಗೆಯ ಬಿಸಿ ಮಣ್ಣಿಗೆ ಕತ್ತರಿಸಿದ ಗಡ್ಡೆ ಹಾಕಿದರೆ ಮೊಳೆಯುವ ಮೊದಲೇ ಕೊಳೆಯುತ್ತದೆ, ಒಂದೆರಡು ಮಳೆ ಬಿದ್ದು ಭೂಮಿಯ ಕಾವು ಇಳಿಯಬೇಕು. ಇಲ್ಲಿ ಅದೇ ಗಡ್ಡೆ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಆಲೂಗಡ್ಡೆಗೆ ಬೇಕಾದ ಹದ ಒಂದೇ, ನಾವು ಅದನ್ನು ಅಲ್ಲಿ ಮೇಲಿನಿಂದ ಕೆಳಗೆ ಬಂದು ಮುಟ್ಟುತ್ತೇವೆ, ಇಲ್ಲಿ ಕೆಳಗಿನಿಂದ ಮೇಲೆ ಹೋಗಿ. ಅವತ್ತು ಷಾರ್ಲೆಟ್ ನೆಡಲಿಲ್ಲ. ಮಣ್ಣಿಗೆ ಚುಚ್ಚುವ ಒಂದು ಥರ್ಮಾಮೀಟರ್ ತಂದೆ. ಈಗ ನನ್ನ ಲೆಕ್ಕ ಹೀಗೆ: ಬೆಳಿಗ್ಗೆ ಒಂಬತ್ತಕ್ಕೆ, 10 ಸೆಂಟಿಮೀಟರ್ ಆಳದಲ್ಲಿ, ಸತತ ಮೂರು ದಿನ 8 ಡಿಗ್ರಿಗಿಂತ ಮೇಲಿದ್ದರೆ ಫಸ್ಟ್ ಅರ್ಲಿ ಒಳಗೆ. ಅದಕ್ಕಿಂತ ಒಂದು ದಿನ ಮೊದಲೂ ಇಲ್ಲ. 2024ರಲ್ಲಿ ಮಳೆ ನಿಲ್ಲದೆ ಏಪ್ರಿಲ್ 10ರವರೆಗೆ ಕಾದೆ. 2025ರಲ್ಲಿ ಒಣಬಿಸಿಲು, ಮಾರ್ಚ್ 25ಕ್ಕೇ ನೆಟ್ಟೆ. ಎರಡೂ ವರ್ಷ 20ಕ್ಕೆ 20 ಗಡ್ಡೆ ಮೇಲೆ ಬಂದವು. ಜೇಡಿಮಣ್ಣಾದರೆ ಇನ್ನೊಂದು ಪರೀಕ್ಷೆ ಇದೆ, ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ ಬೆರಳಿನಿಂದ ತಟ್ಟಿ. ಒಡೆದು ಉದುರಿದರೆ ಸರಿ, ರಾಗಿಮುದ್ದೆ ಹಾಗೆ ನುಣ್ಣಗೆ ಕೂತರೆ ವಾಪಸ್ ಮನೆಗೆ ಹೋಗಿ.

ಫಸ್ಟ್ ಅರ್ಲಿಗೆ ಮೊಳಕೆ ಬರಿಸಿಯೇ ನೆಡಬೇಕು. ಇಲ್ಲಿ ಚಿಟ್ಟಿಂಗ್ ಅನ್ನುತ್ತಾರೆ. ಜನವರಿ ಕೊನೆಗೆ ಗಡ್ಡೆ ತರುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಊರೂರಲ್ಲಿ ಆಲೂಗಡ್ಡೆ ದಿನ ಅಂತ ಮಾಡುತ್ತಾರೆ, ಅಲ್ಲಿ ಒಂದೊಂದೇ ಗಡ್ಡೆಯನ್ನೂ ಬಿಡಿಯಾಗಿ ಕೊಳ್ಳಬಹುದು. ಹೊಸಬರು ಅಲ್ಲಿಗೇ ಹೋಗಿ, ಐದು ಜಾತಿ ನಾಲ್ಕು ನಾಲ್ಕು ಗಡ್ಡೆ ತಂದು ನೋಡಬಹುದು. ಅಂಗಡಿಯಿಂದ ಅಡುಗೆಗೆ ತಂದ ಆಲೂಗಡ್ಡೆ ನೆಡಬೇಡಿ. ಅವಕ್ಕೆ ಮೊಳಕೆ ಬರದಂತೆ ಏನಾದರೂ ಹಾಕಿರಬಹುದು, ಜೊತೆಗೆ ರೋಗ ತಂದು ಮಣ್ಣಿಗೆ ಸೇರಿಸಿದರೆ ಅಕ್ಕಪಕ್ಕದವರ ಬೆಳೆಗೂ ತೊಂದರೆ. ಪ್ರಮಾಣೀಕರಿಸಿದ ಬಿತ್ತನೆ ಗಡ್ಡೆ ಹೆಚ್ಚಾಗಿ ಸ್ಕಾಟ್ಲೆಂಡಿನಿಂದ ಬರುತ್ತದೆ, ಅಲ್ಲಿನ ಚಳಿಗೆ ವೈರಸ್ ಹರಡುವ ಗಿಡಹೇನು ಕಡಿಮೆ. ನಮಗೆ ಜಲಂಧರ್ ಹೇಗೋ ಇವರಿಗೆ ಸ್ಕಾಟ್ಲೆಂಡ್ ಹಾಗೆ.

ಮೊಟ್ಟೆ ಟ್ರೇಯಲ್ಲಿ ಕಣ್ಣು ಜಾಸ್ತಿ ಇರುವ ತುದಿ ಮೇಲೆ ಬರುವ ಹಾಗೆ ಜೋಡಿಸಿ, ಬೆಳಕಿರುವ, ಆದರೆ ತಣ್ಣಗಿರುವ ಕಡೆ ಇಡಿ. ನಾನು ಹೀಟರ್ ಇಲ್ಲದ ಹಿಂದಿನ ಕೋಣೆ ಕಿಟಕಿಯಲ್ಲಿ ಇಡುತ್ತೇನೆ. ಐದಾರು ವಾರಕ್ಕೆ ಎರಡು ಮೂರು ಸೆಂಟಿಮೀಟರಿನ ಗಿಡ್ಡ, ದಪ್ಪ, ನೇರಳೆ ಬಣ್ಣದ ಮೊಳಕೆ ಬರಬೇಕು. ಕತ್ತಲಲ್ಲಿ ಇಟ್ಟರೆ ಉದ್ದ ಬಿಳಿ ದಾರದ ಹಾಗೆ ಬಂದು, ಮುಟ್ಟಿದರೆ ಮುರಿಯುತ್ತದೆ. ಮಣ್ಣು ತಡವಾಗಿ ಬೆಚ್ಚಗಾದ ವರ್ಷ ಈ ಮೊಳಕೆಯೇ ನಿಮ್ಮ ದಿನ ಉಳಿಸುವುದು, ಗಡ್ಡೆ ಕಿಟಕಿಯಲ್ಲೇ ತನ್ನ ಕೆಲಸ ಶುರು ಮಾಡಿಕೊಂಡಿರುತ್ತದೆ. ಅದಕ್ಕೇ ಕಾಯಲು ಭಯ ಪಡಬೇಡಿ. ಮೇನ್‌ಕ್ರಾಪ್‌ಗೆ ಚಿಟ್ಟಿಂಗ್ ಅಷ್ಟು ಮುಖ್ಯ ಅಲ್ಲ, ಅದಕ್ಕೆ ನೆಲದಲ್ಲಿ ಬೇಕಾದಷ್ಟು ಕಾಲ ಇರುತ್ತದೆ. ಊರಲ್ಲಿ ನಾವು ಗಡ್ಡೆ ಹೋಳು ಮಾಡುತ್ತೇವೆ, ಇಲ್ಲಿ ಕೋಳಿಮೊಟ್ಟೆ ಗಾತ್ರದ ಗಡ್ಡೆಯನ್ನು ಇಡಿಯಾಗಿ ನೆಡುವುದು. ಈ ತಣ್ಣಗಿನ ಜೇಡಿಮಣ್ಣಿನಲ್ಲಿ ಹೋಳು ಹಾಕುವ ಧೈರ್ಯ ನನಗಿಲ್ಲ.

ನೆಟ್ಟ ಮೇಲೆ ಫ್ರಾಸ್ಟ್ ಕಾವಲು. ಲೆಸ್ಟರ್‌ನಲ್ಲಿ ಮೇ ಮಧ್ಯದವರೆಗೂ ನಂಬುವ ಹಾಗಿಲ್ಲ. ಮೊಳಕೆ ಕಂಡ ಕೂಡಲೇ ಅದರ ತಲೆ ಮುಚ್ಚುವ ಹಾಗೆ ಮಣ್ಣು ಏರಿಸುತ್ತೇನೆ, ಒಂದು ವಾರಕ್ಕೆ ಮತ್ತೆ ಕಾಣುತ್ತದೆ, ಮತ್ತೆ ಏರಿಸುತ್ತೇನೆ. ಬುಡಕ್ಕೆ ಮಣ್ಣು ಕೊಡುವುದು ಊರಲ್ಲೂ ಮಾಡುತ್ತೇವೆ, ಗಡ್ಡೆಗೆ ಬಿಸಿಲು ಬಿದ್ದು ಹಸಿರಾಗದಿರಲಿ ಅಂತ. ಇಲ್ಲಿ ಅದು ಮೊದಲು ಹೊದಿಕೆ. ಮಣ್ಣು ಏರಿಸಲಾಗದಷ್ಟು ಎತ್ತರ ಬಂದಿದ್ದರೆ ಫ್ಲೀಸ್ ಅನ್ನುವ ತೆಳು ಬಿಳಿ ಬಟ್ಟೆ ಎರಡು ಪದರ ಹಾಸಿ, ಅಂಚಿಗೆ ಕಲ್ಲು ಇಡಿ. ಫೋನಿನಲ್ಲಿ ರಾತ್ರಿ 3 ಡಿಗ್ರಿ ಅಂತ ತೋರಿಸಿದರೂ ನಾನು ಹೊದಿಸುತ್ತೇನೆ, ನೆಲದ ಮಟ್ಟದಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಸುಟ್ಟುಹೋದರೂ ಕಿತ್ತು ಬಿಸಾಕಬೇಡಿ. 2021ರ ನನ್ನ ರಾಕೆಟ್ ಕೆಳಗಿನಿಂದ ಮತ್ತೆ ಚಿಗುರಿತು, ಆದರೆ ಮೂರು ವಾರ ಹಿಂದೆ ಬಿತ್ತು.

ಇಷ್ಟೆಲ್ಲ ಪಟ್ಟರೆ ಜೂನ್‌ನಲ್ಲಿ ಸಿಗುವುದು ಏನು ಗೊತ್ತಾ? ಹೂ ಬಿಡುವ ಹೊತ್ತಿಗೆ ಬೋದಿನ ಪಕ್ಕದಿಂದ ಕೈ ಹಾಕಿ ತಡಕಿದರೆ ಮೊಟ್ಟೆ ಗಾತ್ರದ ಗಡ್ಡೆ ಬೆರಳಿಗೆ ಸಿಗುತ್ತದೆ. ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಅವತ್ತೇ ಬೇಯಿಸಬೇಕು. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆಗೆ ಇಡಿಯಾಗಿ ಹಾಕಿ ಉಪ್ಪು ಉದುರಿಸಿದರೆ ಸಾಕು. ಅಂಗಡಿಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಆ ರುಚಿ ಸಿಗಲ್ಲ. ತೂಕ ಕಡಿಮೆ, ನನ್ನಲ್ಲಿ ಗಿಡಕ್ಕೆ ಅರ್ಧ ಕೆ.ಜಿ.ಯಿಂದ 600 ಗ್ರಾಂ. ಹೆಚ್ಚು ದಿನ ಇಡಲೂ ಆಗಲ್ಲ. ಅದಕ್ಕೇ ಒಂದೊಂದು ಗಿಡ ಬೇಕಾದಾಗ ಕೀಳಿ.

ಸೆಕೆಂಡ್ ಅರ್ಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ತೊಂದರೆ ಕೊಡದ ಮಗು. ಫಸ್ಟ್ ಅರ್ಲಿ ನೆಟ್ಟ ಎರಡು ವಾರಕ್ಕೆ ಹಾಕುತ್ತೇನೆ. ಮೊಳಕೆ ಮೇಲೆ ಬರುವಷ್ಟರಲ್ಲಿ ಫ್ರಾಸ್ಟ್ ಬಹುಪಾಲು ಮುಗಿದಿರುತ್ತದೆ, ಜುಲೈ ಮೂರನೇ ವಾರಕ್ಕೆ ಗಡ್ಡೆ ಕೈಗೆ ಬಂದಿರುತ್ತದೆ. ಹೊಸದಾಗಿ ಶುರು ಮಾಡುವವರು ಒಂದೇ ಥರ ನೆಡುವುದಾದರೆ ಇದನ್ನೇ ನೆಡಿ, ಷಾರ್ಲೆಟ್ ಆಗಲಿ ಕೆಸ್ಟ್ರೆಲ್ ಆಗಲಿ. ಷಾರ್ಲೆಟ್ ಮೇಣದ ಹಾಗೆ ಗಟ್ಟಿ, ಬೆಂದರೂ ಒಡೆಯುವುದಿಲ್ಲ, ಸಾಗು, ಹುಳಿಗೆ ಬಹಳ ಚೆನ್ನ. ಅಮ್ಮ ಅದರಲ್ಲಿ ದೋಸೆ ಪಲ್ಯ ಮಾಡಲು ಹೋಗಿ, "ಇದು ಮಸೀತಾನೇ ಇಲ್ವಲ್ಲ ಮಗಾ" ಅಂತ ಸೌಟು ಕೆಳಗಿಟ್ಟಿದ್ದರು. ಪಲ್ಯಕ್ಕೆ, ಬೋಂಡಕ್ಕೆ ಮೇನ್‌ಕ್ರಾಪ್ ಬೇಕು. ಮ್ಯಾರಿಸ್ ಪೈಪರ್, ಕಿಂಗ್ ಎಡ್ವರ್ಡ್ ಇವೆಲ್ಲ ಹಿಟ್ಟಿನ ಹಾಗೆ ಉದುರುವ ಜಾತಿ.

ಮೇನ್‌ಕ್ರಾಪ್‌ಗೆ ಬಂದರೆ ಭಯ ಫ್ರಾಸ್ಟ್‌ದಲ್ಲ, ಎಲೆ, ಗಡ್ಡೆ ಎರಡನ್ನೂ ಕೊಳೆಸುವ ಅಂಗಮಾರಿ ರೋಗದ್ದು. ಹಾಸನದವರಿಗೆ ಈ ಹೆಸರು ಹೇಳಿದರೆ ಸಾಕು, ವಿವರಿಸಬೇಕಿಲ್ಲ. ಅದೇ ರೋಗ ಇಲ್ಲೂ, ಇದರಿಂದಲೇ 1845ರಿಂದ ಐರ್ಲೆಂಡಿನಲ್ಲಿ ಆ ದೊಡ್ಡ ಕ್ಷಾಮ ಬಂದಿದ್ದು. 2021ರ ಆಗಸ್ಟ್ ಮೊದಲ ವಾರ ನನ್ನ ಕಿಂಗ್ ಎಡ್ವರ್ಡ್ ಎಲೆ ಅಂಚಿನಲ್ಲಿ ಕಂದು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಊರಲ್ಲಾದರೆ ಔಷಧಿ ಹೊಡೆಯುತ್ತಾರೆ. ಇಲ್ಲಿ ಮನೆ ತೋಟದವರಿಗೆ ಅದಕ್ಕೆ ಯಾವ ಔಷಧಿಯೂ ಸಿಗುವುದಿಲ್ಲ. ನಾಲ್ಕು ದಿನ ಯೋಚನೆ ಮಾಡುತ್ತಾ ಬಿಟ್ಟೆ, ಐದನೇ ದಿನ ಇಡೀ ಸಾಲು ಕಪ್ಪು, ಗಡ್ಡೆಯೂ ಅರ್ಧಕ್ಕರ್ಧ ಕೊಳೆತಿತ್ತು.

ಈಗ ಹಟ್ಟನ್ ಮಾನದಂಡ ನೋಡುತ್ತೇನೆ. ಸತತ ಎರಡು ದಿನ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಜಾಸ್ತಿ, ಎರಡೂ ದಿನ ಕನಿಷ್ಠ ಆರು ಗಂಟೆ ಗಾಳಿಯಲ್ಲಿ ತೇವ ಶೇಕಡಾ 90ಕ್ಕೆ ಕಡಿಮೆ ಇಲ್ಲದೆ ಇದ್ದರೆ ಅಂಗಮಾರಿ ಬರುವ ಹವೆ ಅಂತ ಲೆಕ್ಕ. ಅಂಥ ಹವೆ ಬಂದ ಮೇಲೆ ದಿನಾ ಸಂಜೆ ಎಲೆ ತಿರುಗಿಸಿ ನೋಡುತ್ತೇನೆ. ಹೆಚ್ಚು ಗಿಡದಲ್ಲಿ ಮಚ್ಚೆ ಕಂಡರೆ ಅವತ್ತೇ ಇಡೀ ಸಾಲು ನೆಲಮಟ್ಟಕ್ಕೆ ಕತ್ತರಿಸಿ, ಸೊಪ್ಪು ಅಲ್ಲಿಂದ ತೆಗೆದು, ಗಡ್ಡೆಯನ್ನು ಎರಡು ಮೂರು ವಾರ ಮಣ್ಣಲ್ಲೇ ಬಿಡುತ್ತೇನೆ. ಮಣ್ಣಿನ ಮೇಲೆ ಬಿದ್ದ ರೋಗದ ಕಣ ಸಾಯುತ್ತದೆ, ಸಿಪ್ಪೆಯೂ ಗಟ್ಟಿಯಾಗುತ್ತದೆ. 2023ರ ಜುಲೈ ಪೂರ್ತಿ ಮಳೆ, ತಿಂಗಳ ಕೊನೆಗೇ ಕತ್ತರಿಸಬೇಕಾಯಿತು. ಆದರೂ ಗಿಡಕ್ಕೆ 700 ಗ್ರಾಂ ಸಿಕ್ಕಿತು, ಒಂದೂ ಕೊಳೆತಿರಲಿಲ್ಲ.

ಅಂಗಮಾರಿ ಬರುತ್ತದೆ ಅಂದರೆ ಮೇನ್‌ಕ್ರಾಪ್ ಬೇಗ ನೆಟ್ಟರೆ ಆಯಿತಲ್ಲ ಅಂತ ಅನಿಸಬಹುದು. ನನಗೂ ಅನಿಸಿತ್ತು. ಆಗಲ್ಲ. ಆ ಕಡೆ ತಣ್ಣಗಿನ ಮಣ್ಣು, ಫ್ರಾಸ್ಟ್, ಈ ಕಡೆ ಅಂಗಮಾರಿ, ಮಧ್ಯೆ ಸಿಗುವುದು ಇಷ್ಟೇ ವಾರ. ಫಸ್ಟ್ ಅರ್ಲಿ, ಸೆಕೆಂಡ್ ಅರ್ಲಿ ಅದರೊಳಗೆ ಹಿಡಿಸುತ್ತವೆ, ಮೇನ್‌ಕ್ರಾಪ್ ಹಿಡಿಸುವುದಿಲ್ಲ, ಕೊನೆಯ ಐದಾರು ವಾರ ಹೊರಗೆ ಬಿದ್ದೇ ಬೀಳುತ್ತದೆ. ಹಾಗಾಗಿ ದಿನಾಂಕ ಹಿಂದೆ ಎಳೆಯುವುದು ಬಿಟ್ಟು ಜಾತಿ ಬದಲಾಯಿಸಿದೆ. ಸಾರ್ಪೊ ಮೀರಾ ಅಂತ ಒಂದಿದೆ, ಹಂಗೇರಿಯ ಸಾರ್ವಾರಿ ಕುಟುಂಬದವರು ಬೆಳೆಸಿದ ತಳಿಯಿಂದ ಬಂದಿದ್ದು. 2023ರಲ್ಲಿ ಪಕ್ಕದ ಸಾಲು ಕಪ್ಪಾದಾಗಲೂ ಇದು ಸೆಪ್ಟೆಂಬರ್‌ವರೆಗೆ ಹಸಿರಾಗಿತ್ತು. ರುಚಿ ಕಿಂಗ್ ಎಡ್ವರ್ಡ್ ಮಟ್ಟಕ್ಕಿಲ್ಲ, ನಿಜ ಹೇಳಬೇಕು. ಆದರೆ ಪಲ್ಯಕ್ಕೆ ಸರಿಯಾಗಿದೆ, ಫೆಬ್ರವರಿವರೆಗೆ ಗೋಣಿಚೀಲದಲ್ಲಿ ಕೆಡದೆ ಇರುತ್ತದೆ. ಈಗ ನನ್ನ ನೆಲದಲ್ಲಿ ಎರಡು ಸಾಲು ಫಸ್ಟ್ ಅರ್ಲಿ, ಎರಡು ಸಾಲು ಸೆಕೆಂಡ್ ಅರ್ಲಿ, ಒಂದು ಸಾಲು ಸಾರ್ಪೊ ಮೀರಾ, ಅರ್ಧ ಸಾಲು ಕಿಂಗ್ ಎಡ್ವರ್ಡ್. ಆ ಅರ್ಧ ಸಾಲು ನನ್ನ ಆಸೆಗೆ, ಹೋದರೂ ಬೇಜಾರಿಲ್ಲ.

ಮೇನ್‌ಕ್ರಾಪ್ ನೆಡುವುದು ಏಪ್ರಿಲ್ 20ರಿಂದ 30ರೊಳಗೆ. ಅಂತರ ಜಾಸ್ತಿ ಕೊಡಿ, ಗಡ್ಡೆಗೆ ಗಡ್ಡೆ 40 ಸೆಂಟಿಮೀಟರ್, ಸಾಲಿಗೆ ಸಾಲು 75. ಫಸ್ಟ್ ಅರ್ಲಿಗೆ 30 ಮತ್ತು 60 ಸಾಕು. ಆಳ ಎಲ್ಲಕ್ಕೂ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಗೊಬ್ಬರ ಹಿಂದಿನ ಶರತ್ಕಾಲದಲ್ಲೇ ಹಾಕಿ ಮುಗಿಸಿ, ಸುಣ್ಣ ಮಾತ್ರ ಆ ಜಾಗಕ್ಕೆ ಬೇಡ, ಸಿಪ್ಪೆ ಮೇಲೆ ಕಜ್ಜಿ ಬರುತ್ತದೆ. ಅದೇ ಜಾಗಕ್ಕೆ ಮೂರು ವರ್ಷ ಮತ್ತೆ ಆಲೂಗಡ್ಡೆ ಹಾಕಬೇಡಿ. ನೀರು 2022ರಲ್ಲಿ ಬಿಟ್ಟರೆ ನನಗೆ ದೊಡ್ಡ ಚಿಂತೆ ಆಗಿಲ್ಲ. ಆ ಜುಲೈ 19ಕ್ಕೆ ಇಲ್ಲಿಗೆ ದೂರವಲ್ಲದ ಲಿಂಕನ್‌ಷೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಅಂಗಮಾರಿ ಬರಲಿಲ್ಲ, ಮೇನ್‌ಕ್ರಾಪ್ ನೀರಿಲ್ಲದೆ ಗೋಲಿ ಗಾತ್ರಕ್ಕೇ ನಿಂತಿತು. ಆ ಎರಡು ಅರ್ಲಿ ಮಾತ್ರ ಅಷ್ಟರಲ್ಲಿ ಮನೆ ಸೇರಿದ್ದವು.

ಕೊನೆಯದಾಗಿ ಆಗಸ್ಟ್ ಆಲೂಗಡ್ಡೆ. ಕ್ರಿಸ್ಮಸ್‌ಗೆ ಹೊಸ ಗಡ್ಡೆ ಬೇಕು ಅಂತ ಇಲ್ಲಿನವರು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಬಿತ್ತನೆ ಗಡ್ಡೆಯನ್ನು ಆಗಸ್ಟ್‌ನಲ್ಲಿ ನೆಡುತ್ತಾರೆ. ನಾನು 2024ರಲ್ಲಿ ಆಗಸ್ಟ್ 20ಕ್ಕೆ ಮೂರು ಚೀಲದಲ್ಲಿ ಷಾರ್ಲೆಟ್ ನೆಟ್ಟು, ಸೆಪ್ಟೆಂಬರ್ ಕೊನೆಗೆ ಗ್ರೀನ್‌ಹೌಸ್ ಒಳಗೆ ಎಳೆದೆ. ಬೆಳಕು ಬೇಗ ಕಡಿಮೆಯಾಗುತ್ತದೆ, ಅಕ್ಟೋಬರ್ ಆದ ಮೇಲೆ ಗಿಡ ಬೆಳೆಯಲೇ ಇಲ್ಲ. ಡಿಸೆಂಬರ್ 24ಕ್ಕೆ ಚೀಲ ಬೋರಲು ಹಾಕಿದಾಗ ಮೂರರಿಂದ ಸೇರಿ 1 ಕೆ.ಜಿ. 300 ಗ್ರಾಂ. 2025ರಲ್ಲಿ ಆಗಸ್ಟ್ 2ಕ್ಕೇ ನೆಟ್ಟೆ, ಅದೇ ಮೂರು ಚೀಲ, ಅದೇ ಮಣ್ಣು, 2 ಕೆ.ಜಿ. 100 ಗ್ರಾಂ ಬಂತು. ಈ ಸಲ ಜುಲೈ ಕೊನೆ ವಾರಕ್ಕೆ ಗಡ್ಡೆ ಸಿಗುತ್ತದಾ ನೋಡುತ್ತಿದ್ದೇನೆ.